ಹಳೆಯ ಫೈಬರ್ ದೋಣಿಯ ದುರಸ್ತಿ: ಬಣ್ಣಕ್ಕೆ ಮೊದಲು ನೀರನ್ನು ಹುಡುಕಿ

ಹಳೆಯ ಫೈಬರ್ ದೋಣಿಯನ್ನು ಕೊಂಡವರು ಸಾಮಾನ್ಯವಾಗಿ ಮೊದಲು ಯೋಚಿಸುವುದು ಬಣ್ಣದ ಬಗ್ಗೆ. ಮಾಸಿದ ಮೈ, ಅಲ್ಲಲ್ಲಿ ಸಣ್ಣ ಬಿರುಕು, ಸವರಿದರೆ ಅಂಗೈಗೆ ಹತ್ತುವ ಬಿಳಿ ಪುಡಿ, ಇವೆಲ್ಲ ಕಣ್ಣಿಗೆ ಬೀಳುವ ದೋಷಗಳಾದ್ದರಿಂದ ಅವುಗಳನ್ನು ಸರಿಪಡಿಸಿದರೆ ದೋಣಿಯೇ ಸರಿಹೋಯಿತು ಎನ್ನಿಸುವುದು ಸಹಜ. ಆದರೆ ಗಾಜಿನ ನೂಲು ಮತ್ತು ರೆಸಿನ್ ಎಂಬ ಅಂಟುದ್ರವ ಸೇರಿ ಗಟ್ಟಿಯಾದ ಪದರವು ಬಿಸಿಲು, ಮಳೆ, ಉಪ್ಪುನೀರುಗಳನ್ನು ದಶಕಗಳ ಕಾಲ ತಾಳಿಕೊಳ್ಳುತ್ತದೆ; ತಾಳಿಕೊಳ್ಳದಿರುವುದು ಅದರೊಳಗೆ ಮುಚ್ಚಿಟ್ಟ ಪ್ಲೈವುಡ್. ಫೈಬರ್ ದೋಣಿ ಎಂದು ನಾವು ಕರೆಯುವ ಬಹುಪಾಲು ಸಣ್ಣ ಮೋಟಾರು ದೋಣಿಗಳ ಹೊಟ್ಟೆಯಲ್ಲಿ ಮರವಿರುತ್ತದೆ, ಮತ್ತು ದುರಸ್ತಿಯ ನಿಜವಾದ ಕೆಲಸವಿರುವುದು ಆ ಮರಕ್ಕೆ ನೀರು ಎಲ್ಲಿಂದ ತಲುಪಿತು ಎಂಬುದನ್ನು ಕಂಡುಹಿಡಿಯುವುದರಲ್ಲಿ.

ನಾನು ದುರಸ್ತಿ ಮಾಡಿದ್ದು ಹದಿನಾರು ಅಡಿ ಉದ್ದದ, ಹಿಂಬದಿಯ ಹೊರಗೆ ಕೂರಿಸುವ ಔಟ್‌ಬೋರ್ಡ್ ಎಂಜಿನ್ನಿನ ದೋಣಿ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಸೇರಿ ಗಂಗೊಳ್ಳಿಯ ಬಳಿ ಕಡಲಿಗಿಳಿಯುವ ಅಳಿವೆಯಲ್ಲಿ ಹಲವು ವರ್ಷ ಓಡಾಡಿ, ಆಮೇಲೆ ತೆಂಗಿನ ತೋಟವೊಂದರಲ್ಲಿ ಮಳೆನೀರು ತುಂಬಿಕೊಂಡು ಬಿದ್ದಿತ್ತು. ಗಂಗೊಳ್ಳಿಯ ಕಡೆಯ ಫೈಬರ್ ಮೇಸ್ತ್ರಿಯೊಬ್ಬರು ಅದನ್ನು ನೋಡಲು ಬಂದಾಗ ನಾನು ಬಣ್ಣದ ಖರ್ಚು ಎಷ್ಟಾಗಬಹುದು ಎಂದು ವಿಚಾರಿಸಿದೆ. ಅವರು ಜೇಬಿನಿಂದ ಒಂದು ನಾಣ್ಯ ತೆಗೆದು ದೋಣಿಯ ಹಿಂಬದಿಯನ್ನು ತಟ್ಟುತ್ತ, “ಬಣ್ಣ ಕಡಿಗೆ ಮಾರಾಯ್ರೆ, ಮೊದ್ಲ್ ನೀರ್ ಎಲ್ಲಿತ್ ಕಾಂಬ” ಎಂದರು. ಮುಂದೆ ನಡೆದ ಕೆಲಸವೆಲ್ಲ ಆ ಒಂದು ಮಾತಿನ ವಿಸ್ತಾರವೇ ಆಗಿತ್ತು.

ತಟ್ಟಿ ನೋಡುವುದು ಸರಳವಾದ, ಬಹಳ ನಂಬಿಕೆಗೆ ಅರ್ಹವಾದ ಪರೀಕ್ಷೆ. ಪದರಗಳು ಒಂದಕ್ಕೊಂದು ಅಂಟಿಕೊಂಡಿರುವ ಕಡೆ ನಾಣ್ಯದ ಸದ್ದು ಟಣ್ಣೆಂದು ಸ್ಪಷ್ಟವಾಗಿ ಕೇಳುತ್ತದೆ. ಒಳಗಿನ ಮರ ಕೊಳೆತಿರುವ ಅಥವಾ ಪದರ ಬಿಟ್ಟುಕೊಂಡಿರುವ ಕಡೆ ಸದ್ದು ಮಂಕಾಗುತ್ತದೆ. ಸದ್ದು ಬದಲಾಗುವ ಗಡಿಯನ್ನು ಪೆನ್ಸಿಲ್ಲಿನಿಂದ ಗುರುತಿಸುತ್ತ ಹೋದರೆ ಹಾನಿಯ ನಕ್ಷೆಯೇ ದೊರೆಯುತ್ತದೆ. ಅನುಮಾನವಿರುವ ಜಾಗದಲ್ಲಿ ಒಳಬದಿಯಿಂದ ಸಣ್ಣ ತೂತು ಕೊರೆದು ಡ್ರಿಲ್ ಹೊರತರುವ ಚೂರುಗಳನ್ನು ನೋಡಬೇಕು. ತಿಳಿ ಬಣ್ಣದ ಒಣ ಚೂರು ಬಂದರೆ ಮರ ಚೆನ್ನಾಗಿದೆ. ನಮ್ಮ ದೋಣಿಯಲ್ಲಿ ಎಂಜಿನ್ ಕೂರಿಸುವ ಹಿಂಬದಿಯ ಗೋಡೆಯಿಂದ, ಅಂದರೆ ಟ್ರಾನ್ಸಮ್‌ನಿಂದ ಹೊರಬಂದದ್ದು ಕುದಿಸಿ ಸೋಸಿ ಎಸೆದ ಚಹಾಪುಡಿಯಂಥ ಕಪ್ಪು ಒದ್ದೆ ಹಿಟ್ಟು. ಅದರ ಹಿಂದೆಯೇ ಹುಳಿ ವಾಸನೆಯ ಕಂದು ನೀರು ತೂತಿನಿಂದ ಒಸರತೊಡಗಿತು.

ನೀರು ಅಲ್ಲಿಗೆ ಹೇಗೆ ಹೋಯಿತು ಎಂಬುದು ಟ್ರಾನ್ಸಮ್ಮಿನ ತೂತುಗಳನ್ನು ಒಂದೊಂದಾಗಿ ನೋಡಿದಾಗ ತಿಳಿಯಿತು. ಎಂಜಿನ್ನಿನ ಬೋಲ್ಟುಗಳು, ನೀರು ಹೊರಬಿಡುವ ಬಿರಡೆಯ ತೂತು, ಎಂದೋ ಹಾಕಿ ತೆಗೆದ ಏಣಿಯ ಸ್ಕ್ರೂಗಳು, ಹೀಗೆ ಫೈಬರ್ ಪದರವನ್ನು ಭೇದಿಸಿ ಮರಕ್ಕಿಳಿದ ಪ್ರತಿಯೊಂದು ತೂತಿನಲ್ಲಿಯೂ ಮರದ ಅಂಚು ಬೆತ್ತಲಾಗಿಯೇ ಇತ್ತು. ನೀರು ಸೋರದಂತೆ ತೂತಿಗೆ ಹಾಕಿದ್ದ ಸೀಲಂಟ್ ಕೆಲವು ವರ್ಷಗಳಲ್ಲಿ ಒಣಗಿ ಬಿಟ್ಟುಕೊಂಡಿತು, ಪ್ಲೈವುಡ್ಡಿನ ಅಂಚು ನೀರನ್ನು ಹೀರಿಕೊಂಡಿತು, ಎರಡೂ ಕಡೆ ಫೈಬರ್ ಮುಚ್ಚಿಕೊಂಡಿದ್ದರಿಂದ ಹೀರಿದ ನೀರು ಆರಲು ದಾರಿಯೇ ಇರಲಿಲ್ಲ. ಹೊರಗಿನ ಬಣ್ಣ ಮಾತ್ರ ಚೆನ್ನಾಗಿಯೇ ಉಳಿದಿತ್ತು. ಇದೇ ಕಾರಣಕ್ಕೆ, ಮಾರಾಟಕ್ಕಿರುವ ಹಳೆಯ ದೋಣಿಗೆ ಹೊಸದಾಗಿ ಬಣ್ಣ ಹೊಡೆದಿರುವುದನ್ನು ಕಂಡರೆ ನಾನು ಇನ್ನೂ ಹೆಚ್ಚು ಎಚ್ಚರ ವಹಿಸುತ್ತೇನೆ. ಎಂಜಿನ್ನನ್ನು ಅರ್ಧ ಎತ್ತಿ ನೀರಿಗಿಳಿಯುವ ಅದರ ಕಾಲಿನ ಮೇಲೆ ಭಾರ ಹಾಕಿದಾಗ ಟ್ರಾನ್ಸಮ್ ಸ್ವಲ್ಪವಾದರೂ ಬಾಗಿದರೆ, ಮೇಲ್ಮೈ ಎಷ್ಟೇ ಹೊಳೆಯುತ್ತಿದ್ದರೂ ಒಳಗಿನ ಮರ ಹೋಗಿದೆ ಎಂದೇ ತಿಳಿಯಬೇಕು.

ಕೊಳೆತ ಮರವನ್ನು ತೆಗೆಯುವಾಗ ಹೊರಗಿನ ಫೈಬರ್ ಪದರವನ್ನು ಉಳಿಸಿಕೊಂಡು ಒಳಗಿನ ಪದರವನ್ನು ಕತ್ತರಿಸುವುದು ಒಳ್ಳೆಯದು. ದೋಣಿಯ ಆಕಾರ ಹೊರಮೈಯಲ್ಲಿಯೇ ಇರುವುದರಿಂದ ಅದು ಕದಲಬಾರದು. ಗ್ರೈಂಡರ್ ಹಿಡಿದು ಈ ಕೆಲಸ ಮಾಡುವಾಗ ಏಳುವ ಗಾಜಿನ ಧೂಳನ್ನು ಹಗುರವಾಗಿ ಕಾಣಬಾರದು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು, ಫಿಲ್ಟರ್ ಇರುವ ಮಾಸ್ಕ್ ಬೇಕು. ಕಣ್ಣಿಗೆ ಮುಚ್ಚಿದ ಕನ್ನಡಕ, ಮೈಗೆ ಉದ್ದ ತೋಳಿನ ಅಂಗಿ ಬೇಕು. ಒಳಗಿನ ಮರ ಕೈಯಿಂದ ಕೆರೆದರೂ ಬರುವಷ್ಟು ಮೆತ್ತಗಾಗಿತ್ತು, ಆದರೆ ಮೂಲೆಗಳಲ್ಲಿ ಉಳಿದ ಗಟ್ಟಿ ಮರವನ್ನು ಉಳಿಯಿಂದ ಬಿಡಿಸಲು ಹಿಡಿದ ಶ್ರಮ ಉಳಿದೆಲ್ಲ ಭಾಗಕ್ಕಿಂತ ಹೆಚ್ಚು. ತಳದ ಉದ್ದಕ್ಕೂ ಹೋಗುವ ಒಳತೊಲೆಗಳ ಹಿಂತುದಿಯೂ ಕೊಳೆತಿತ್ತು, ಅವುಗಳ ನಡುವೆ ತುಂಬಿದ್ದ ಫೋಮ್ ನೀರು ಕುಡಿದು ಭಾರವಾಗಿತ್ತು. ದೋಣಿ ತೇಲಲೆಂದು ಹಾಕಿದ ಫೋಮೇ ವರ್ಷಾನುಗಟ್ಟಲೆ ನೀರಿನಲ್ಲಿ ನೆನೆದರೆ ಅದನ್ನು ಕೆಳಕ್ಕೆಳೆಯುವ ಹೊರೆಯಾಗುತ್ತದೆ.

ಆಮೇಲೆ ಒಣಗಿಸಬೇಕು. ಕರಾವಳಿಯಲ್ಲಿ ಇದಕ್ಕೆ ತಕ್ಕ ಕಾಲ ಡಿಸೆಂಬರಿನಿಂದ ಫೆಬ್ರವರಿಯವರೆಗೆ. ಗಾಳಿಯಲ್ಲಿ ತೇವ ಕಡಿಮೆಯಿರುತ್ತದೆ, ಬಿಸಿಲೂ ಅತಿಯಾಗಿರುವುದಿಲ್ಲ. ಕರ್ನಾಟಕದಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ಮೀನುಗಾರರು ಆ ಮಳೆಗಾಲದ ಬಿಡುವಿನಲ್ಲಿಯೇ ದುರಸ್ತಿ ಮುಗಿಸಿಕೊಳ್ಳಬೇಕಾಗುತ್ತದೆ, ಮತ್ತು ನಮ್ಮ ಮೇಸ್ತ್ರಿಗಳು ತಗಡಿನ ಮಾಡಿನ ಕೆಳಗೆ, ಸುತ್ತಲೂ ಮಳೆ ಸುರಿಯುತ್ತಿರುವಾಗ ಅದನ್ನು ಮಾಡುವ ನೈಪುಣ್ಯ ದೊಡ್ಡದು. ಅಂಥ ಮಾಡೂ ನೈಪುಣ್ಯವೂ ಇಲ್ಲದವರು ಚಳಿಗಾಲಕ್ಕೆ ಕಾಯುವುದೇ ಲೇಸು. ಒದ್ದೆ ಫೈಬರಿನ ಮೇಲೆ ಹಾಕಿದ ರೆಸಿನ್ ಅಂಟಿದಂತೆ ಕಂಡರೂ ಒಂದು ದಿನ ಸಿಪ್ಪೆಯಾಗಿ ಏಳುತ್ತದೆ.

ಹೊಸ ಟ್ರಾನ್ಸಮ್ಮಿಗೆ ಐಎಸ್ 710 ಗುರುತಿರುವ ಮರೈನ್ ಪ್ಲೈವುಡ್ ಬಳಸಿದೆವು. ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು: ಮರೈನ್ ಪ್ಲೈ ಎಂದರೆ ಪದರಗಳನ್ನು ಹಿಡಿದಿರುವ ಅಂಟು ನೀರಿಗೆ ಬಿಡುವುದಿಲ್ಲ ಎಂದರ್ಥವೇ ಹೊರತು ಮರ ಕೊಳೆಯುವುದೇ ಇಲ್ಲ ಎಂದಲ್ಲ. ಆದ್ದರಿಂದ 18 ಮಿಲಿಮೀಟರಿನ ಎರಡು ಹಲಗೆಗಳನ್ನು ಎಪಾಕ್ಸಿ ಎಂಬ ಬಲವಾದ ರೆಸಿನ್ನಿನಿಂದ ಬೆಸೆದು, ಅಂಚುಗಳಿಗೆ ಅವು ಹೀರುವಷ್ಟೂ ತೆಳು ಎಪಾಕ್ಸಿಯನ್ನು ಕುಡಿಸಿ, ಆಮೇಲಷ್ಟೇ ಒಳಗೆ ಕೂರಿಸಿದೆವು. ಹೊರಪದರ ಮತ್ತು ಹಲಗೆಯ ನಡುವೆ ಗಾಳಿ ಉಳಿದರೆ ಅದೇ ಮುಂದಿನ ನೀರಿನ ತಾಣವಾಗುವುದರಿಂದ, ಸಿಲಿಕಾ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿಯನ್ನು ಧಾರಾಳವಾಗಿ ಬಳಿದು, ಕ್ಲಾಂಪುಗಳನ್ನು ಬಿಗಿದಾಗ ಅದು ನಾಲ್ಕೂ ಅಂಚುಗಳಿಂದ ಹೊರಗೆ ಉಕ್ಕುವಂತೆ ನೋಡಿಕೊಂಡೆವು. ಹಲಗೆಯ ಎತ್ತರವನ್ನು ಎಂಜಿನ್ನಿಗೆ ಹೊಂದಿಸಿ ನಿರ್ಧರಿಸಬೇಕು: ಗಿಡ್ಡ ಕಾಲಿನ ಎಂಜಿನ್ನಿಗೆ ಸುಮಾರು 15 ಅಂಗುಲ, ಉದ್ದ ಕಾಲಿನದಕ್ಕೆ 20 ಅಂಗುಲ. ಎಂಜಿನ್ನಿನ ಪಂಖದ ಮೇಲಿರುವ ಚಪ್ಪಟೆ ತಟ್ಟೆ ದೋಣಿಯ ತಳದ ಮಟ್ಟಕ್ಕೆ ಬರಬೇಕು.

ರೆಸಿನ್ ಯಾವುದು ಎಂಬ ಚರ್ಚೆ ದೋಣಿಯವರ ನಡುವೆ ಎಂದೂ ಮುಗಿಯುವುದಿಲ್ಲ. ಅಮೆರಿಕದ ಒಹಾಯೊ ರಾಜ್ಯದ ಟೊಲೆಡೊದಲ್ಲಿ ರೇ ಗ್ರೀನ್ 1942ರಲ್ಲಿ ಪಾಲಿಯೆಸ್ಟರ್ ರೆಸಿನ್ ಮತ್ತು ಗಾಜಿನ ನೂಲಿನಿಂದ ದೋಣಿ ಕಟ್ಟಿದ ಮೇಲೆ ಸಣ್ಣ ದೋಣಿಗಳ ಮುಖ್ಯ ಸಾಮಗ್ರಿ ಪಾಲಿಯೆಸ್ಟರೇ ಆಗಿದೆ. ಅಗ್ಗ, ಬೇಗ ಗಟ್ಟಿಯಾಗುತ್ತದೆ, ಹೊಸ ದೋಣಿ ಎರಕ ಹೊಯ್ಯಲು ಅದು ಸಾಕು. ಆದರೆ ಹಳೆಯ ಗಟ್ಟಿಯಾದ ಫೈಬರಿಗೆ ಮತ್ತು ಮರಕ್ಕೆ ಪಾಲಿಯೆಸ್ಟರಿಗಿಂತ ಎಪಾಕ್ಸಿ ಎಷ್ಟೋ ಬಲವಾಗಿ ಹಿಡಿಯುತ್ತದೆ. ಹಾಗಾಗಿ ಎಂಜಿನ್ನಿನ ಭಾರ ಬೀಳುವ ಟ್ರಾನ್ಸಮ್ಮಿಗೂ ಒಳತೊಲೆಗಳಿಗೂ ಎಪಾಕ್ಸಿಯನ್ನು, ಉಳಿದ ಸಣ್ಣಪುಟ್ಟ ತೇಪೆಗಳಿಗೆ ಪಾಲಿಯೆಸ್ಟರನ್ನು ಬಳಸುವುದು ನನಗೆ ಸರಿಯೆನಿಸಿತು. ಒಂದು ಎಚ್ಚರಿಕೆ ಬೇಕು: ಅಂಗಡಿಯಲ್ಲಿ ಸಿಗುವ ಸಾಮಾನ್ಯ ಮ್ಯಾಟಿನ, ಅಂದರೆ ನೇಯದೆ ಚಾಪೆಯಂತೆ ಹರಡಿದ ಗಾಜಿನ ಎಳೆಗಳನ್ನು ಹಿಡಿದಿರುವ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್ ಎಂಬ ದ್ರಾವಕದಲ್ಲಿ ಕರಗುವಂಥದ್ದು, ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲದ್ದರಿಂದ ಮ್ಯಾಟ್ ಸರಿಯಾಗಿ ನೆನೆಯದೆ ಸೆಟೆದು ನಿಲ್ಲುತ್ತದೆ. ಎಪಾಕ್ಸಿಗೆ ನೇಯ್ದ ಬಟ್ಟೆಯೇ ಬೇಕು.

ಪಾಲಿಯೆಸ್ಟರ್ ಕೆಲಸಕ್ಕೆ ಕೆಲವು ಲೆಕ್ಕಗಳನ್ನು ನೆನಪಿಟ್ಟುಕೊಂಡರೆ ಸಾಕು. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟಿನ ಒಂದು ಪದರ ಒಣಗಿದಾಗ ಸುಮಾರು ಒಂದು ಮಿಲಿಮೀಟರ್ ದಪ್ಪವಾಗುತ್ತದೆ, ಅದಕ್ಕೆ ಸುಮಾರು ಒಂದು ಕಿಲೋ ರೆಸಿನ್ ಬೇಕು. ರೆಸಿನನ್ನು ಗಟ್ಟಿಗೊಳಿಸುವ ಕ್ಯಾಟಲಿಸ್ಟ್ ನೂರಕ್ಕೆ ಒಂದರಿಂದ ಎರಡು ಪಾಲು; ನಮ್ಮ ಸೆಖೆಗೆ ಒಂದರ ಹತ್ತಿರವೇ ಇರಲಿ, ಆದರೆ ಅದಕ್ಕಿಂತ ಕೆಳಗಿಳಿದರೆ ರೆಸಿನ್ ಎಂದಿಗೂ ಪೂರ್ತಿ ಗಟ್ಟಿಯಾಗುವುದಿಲ್ಲ. ಮೂರು ನಾಲ್ಕು ಪದರಗಳಿಗಿಂತ ಹೆಚ್ಚು ಒಮ್ಮೆಗೇ ಹಾಕಿದರೆ ಗಟ್ಟಿಯಾಗುವಾಗ ಹುಟ್ಟುವ ಶಾಖದಿಂದಲೇ ಅದು ಸೊಟ್ಟಗಾಗಿ ಬಿರಿಯುತ್ತದೆ. ಗಟ್ಟಿಯಾಗುವುದನ್ನು ಚುರುಕುಗೊಳಿಸಲು ರೆಸಿನಿಗೆ ಬೆರೆಸುವ ಕೋಬಾಲ್ಟ್ ಮತ್ತು ಕ್ಯಾಟಲಿಸ್ಟುಗಳನ್ನು ಯಾವ ಕಾರಣಕ್ಕೂ ನೇರವಾಗಿ ಒಂದಕ್ಕೊಂದು ಸೇರಿಸಬಾರದು, ಅದು ಸ್ಫೋಟಿಸುತ್ತದೆ. ಒಂದನ್ನು ರೆಸಿನಿನಲ್ಲಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು. ಕ್ಯಾಟಲಿಸ್ಟಿನ ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಯನ್ನೇ ಕಳೆದುಕೊಳ್ಳುವ ಅಪಾಯವಿದೆ. ಅದನ್ನು ಹಳೆಯ ನೀರಿನ ಬಾಟಲಿಗಳಲ್ಲಿ ತುಂಬಿಡುವ ರೂಢಿಯನ್ನು ನಾನು ಹಲವು ಕಡೆ ಕಂಡಿದ್ದೇನೆ. ಮಕ್ಕಳು ಓಡಾಡುವ ಜಾಗದಲ್ಲಂತೂ ಇದು ಸಲ್ಲದು.

ತಳದಲ್ಲಿದ್ದ ಒಂದು ಉದ್ದನೆಯ ಸೀಳನ್ನು ಮುಚ್ಚುವಾಗ ಮೇಸ್ತ್ರಿಗಳು ಕೆಲಸ ಮಾಡಿದ ರೀತಿಯನ್ನು ನಾನು ಹತ್ತಿರ ಕುಳಿತು ನೋಡಿದೆ. ಮೊದಲು ಅಸಿಟೋನಿನಲ್ಲಿ ಅದ್ದಿದ ಬಟ್ಟೆಯಿಂದ ಮೇಲ್ಮೈಯ ಮೇಣ, ಎಣ್ಣೆಗಳನ್ನೆಲ್ಲ ಒರೆಸಿದರು, ಆಮೇಲಷ್ಟೇ ಉಜ್ಜಿದರು. ಒರೆಸದೆ ಉಜ್ಜಿದರೆ ಮೇಣ ಗೀರುಗಳೊಳಗೇ ಸೇರಿಕೊಂಡು ಹೊಸ ಪದರವನ್ನು ಹಿಡಿಯಗೊಡುವುದಿಲ್ಲ. ಐದು ಮಿಲಿಮೀಟರ್ ದಪ್ಪದ ಮೈಗೆ ಸೀಳಿನ ಎರಡೂ ಬದಿಯಲ್ಲಿ ಅರುವತ್ತು ಮಿಲಿಮೀಟರಿನಷ್ಟು ಅಗಲಕ್ಕೆ, ಅಂದರೆ ದಪ್ಪದ ಹನ್ನೆರಡು ಪಟ್ಟು, ನಿಧಾನವಾಗಿ ಇಳಿಜಾರು ಮಾಡಿದರು. ಸೀಳಿನ ಮೇಲೆ ಪುಟ್ಟಿ ತುಂಬಿ ಬಣ್ಣ ಹೊಡೆದರೆ ಮೊದಲ ಅಲೆಗೇ ಅದು ಬಾಯಿಬಿಡುತ್ತದೆ. ಇಳಿಜಾರಿನ ಮೇಲೆ ಹರಡಿದ ಪದರಗಳು ಮಾತ್ರ ಎಳೆತವನ್ನು ಹಳೆಯ ಮೈಗೆ ಹಂಚುತ್ತವೆ. ಬ್ರಷ್ಷಿನಿಂದ ರೆಸಿನ್ ಕುಡಿಸಿದಂತೆ ಬೆಳ್ಳಗಿದ್ದ ಮ್ಯಾಟ್ ಪಾರದರ್ಶಕವಾಗುತ್ತ ಹೋಯಿತು. ಎಲ್ಲಿ ಬಿಳಿ ಚುಕ್ಕೆ ಉಳಿಯಿತೋ ಅಲ್ಲಿ ಗಾಳಿಯಿದೆ ಎಂದು ಅವರು ಕಬ್ಬಿಣದ ಗೀರು ರೋಲರನ್ನು ಒತ್ತಿ ಒತ್ತಿ, ಗುಳ್ಳೆಯನ್ನು ಅಂಚಿನವರೆಗೂ ನಡೆಸಿಕೊಂಡು ಬಂದು ಹೊರಗೆ ಬಿಟ್ಟರು. ರೆಸಿನ್ ಕಟ್ಟತೊಡಗುವ ಮೊದಲು ಅವರಿಗೆ ಸಿಗುತ್ತಿದ್ದುದು ಕೆಲವೇ ನಿಮಿಷ, ಆದರೂ ಆ ಕೈಯಲ್ಲಿ ಅವಸರವಿರಲಿಲ್ಲ.

ತಳದ ಗುಳ್ಳೆಗಳ ವಿಚಾರ ಬೇರೆ. ವರ್ಷವಿಡೀ ನೀರಿನಲ್ಲಿಯೇ ಕಟ್ಟಿಟ್ಟ ದೋಣಿಗಳಲ್ಲಿ ನೀರು ನಿಧಾನವಾಗಿ ಹೊರಪದರವನ್ನು ದಾಟಿ ರೆಸಿನನ್ನು ಒಡೆಯುತ್ತದೆ. ಅದರಿಂದ ಹುಟ್ಟಿದ ಆಮ್ಲೀಯ ದ್ರವ ಇನ್ನಷ್ಟು ನೀರನ್ನು ಸೆಳೆದುಕೊಂಡು ಹೊರಗಿನ ನುಣುಪು ಪದರವಾದ ಜೆಲ್‌ಕೋಟನ್ನು ಉಬ್ಬಿಸುತ್ತದೆ. ಗುಳ್ಳೆಗಳನ್ನು ಒಡೆದು, ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಪೂರ್ತಿ ಒಣಗಿದ ಮೇಲೆ ಎಪಾಕ್ಸಿಯಿಂದ ಮುಚ್ಚಬೇಕು. ದಡಕ್ಕೆ ಎಳೆದಿಡುತ್ತಿದ್ದ ದೋಣಿಯಾದ್ದರಿಂದ ನಮ್ಮದರಲ್ಲಿ ಅವು ಕಡಿಮೆಯಿದ್ದವು.

ತೂತುಗಳನ್ನು ಈ ಸಲ ಬೇರೆ ರೀತಿಯಲ್ಲಿ ಮಾಡಿದೆವು, ಮತ್ತು ಇಡೀ ದುರಸ್ತಿಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಇದೇ. ಬೋಲ್ಟಿಗೆ ಬೇಕಾದುದಕ್ಕಿಂತ ದೊಡ್ಡದಾಗಿ ಕೊರೆದು, ಆ ತೂತನ್ನು ಗಟ್ಟಿ ಮಾಡಿದ ಎಪಾಕ್ಸಿಯಿಂದ ತುಂಬಿ, ಅದು ಒಣಗಿದ ಮೇಲೆ ಅದರ ನಡುವೆ ಸರಿ ಅಳತೆಯ ತೂತು ಕೊರೆದೆವು. ಸೀಲಂಟ್ ಸೋತರೂ ನೀರಿಗೆ ಎದುರಾಗುವುದು ಎಪಾಕ್ಸಿಯ ಕೊಳವೆ, ಮರವಲ್ಲ. ಬೋಲ್ಟುಗಳು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವು. ಅಂಗಡಿಯಲ್ಲಿ ಬರೀ ಎಸ್‌ಎಸ್ ಎಂದು ಕೇಳಿದರೆ ಕೊಡುವುದು ಸಾಮಾನ್ಯವಾಗಿ 304, ಅದು ಉಪ್ಪುನೀರಿನಲ್ಲಿ ಬೇಗ ಕಲೆಗಟ್ಟುತ್ತದೆ. ಸಿಲಿಕೋನ್ ಬಳಸಿದ ಜಾಗದಲ್ಲಿ ಆಮೇಲೆ ಬಣ್ಣವಾಗಲಿ ರೆಸಿನ್ ಆಗಲಿ ನಿಲ್ಲದ ಕಾರಣ ಪಾಲಿಯುರೆಥೇನ್ ಸೀಲಂಟನ್ನೇ ಆರಿಸಿಕೊಂಡೆವು.

ಬಣ್ಣದ ಕೆಲಸ ಬೇಗ ಮುಗಿಯಿತು: ಎಪಾಕ್ಸಿ ಪ್ರೈಮರ್, ಅದರ ಮೇಲೆ ಎರಡು ಡಬ್ಬಿ ಬೆರೆಸುವ ಪಾಲಿಯುರೆಥೇನ್ ಬಣ್ಣ. ಎಂಜಿನ್ನಿನಲ್ಲಿ ನೀರು ಎತ್ತುವ ಪಂಪಿನ ರಬ್ಬರ್ ಚಕ್ರ, ಉಪ್ಪುನೀರಿನ ಸವೆತದಿಂದ ಎಂಜಿನ್ನನ್ನು ಕಾಪಾಡುವ ಸತುವಿನ ತುಂಡು, ಗೇರ್ ಎಣ್ಣೆ ಹೊಸದಾದವು. ತೆಗೆದ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿ ನೀರು ಸೇರಿದೆ ಎಂದೇ ತಿಳಿಯಬೇಕು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೂ ಇಥೆನಾಲ್ ಇರುವುದರಿಂದ ಹಳೆಯ ರಬ್ಬರ್ ಕೊಳವೆಗಳನ್ನು ಬದಲಿಸುವುದು ಅನಿವಾರ್ಯ, ಮತ್ತು ಇಥೆನಾಲ್ ತೇವವನ್ನು ಹೀರುವುದರಿಂದ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಬಿಡಬಾರದು.

ಇಷ್ಟೆಲ್ಲ ಶ್ರಮಕ್ಕೆ ಹಣದ ಲೆಕ್ಕದಲ್ಲಿ ಸಮರ್ಥನೆ ಹುಡುಕುವುದು ಕಷ್ಟ, ಹೊಸದಕ್ಕೂ ಇದಕ್ಕೂ ಬೆಲೆಯಲ್ಲಿ ಅಂಥ ದೊಡ್ಡ ಅಂತರ ಉಳಿಯುವುದಿಲ್ಲ. ಆದರೆ ಗಟ್ಟಿಯಾದ ಪಾಲಿಯೆಸ್ಟರನ್ನು ಕಬ್ಬಿಣದಂತೆ ಮತ್ತೆ ಕರಗಿಸಿ ಎರಕ ಹೊಯ್ಯಲಾಗುವುದಿಲ್ಲ. ಬೇಡವಾದ ಫೈಬರ್ ದೋಣಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ, ಅಳಿವೆಯ ಕೆಸರಿನಲ್ಲಿ ಹಾಗೆಯೇ ಬಿದ್ದಿರುತ್ತದೆ, ಸುಟ್ಟರೆ ವಿಷದ ಹೊಗೆ. ಮೈ ಗಟ್ಟಿಯಿರುವ ದೋಣಿಯನ್ನು ಒಳಗಿನ ಒಂದಿಷ್ಟು ಮರ ಕೊಳೆತಿದೆ ಎಂಬ ಕಾರಣಕ್ಕೆ ಎಸೆಯುವುದು ನನಗೆ ಒಪ್ಪಿಗೆಯಿಲ್ಲ.

ಈಗ ದೋಣಿಯನ್ನು ಮೂತಿ ಎತ್ತರಿಸಿ, ಬಿರಡೆ ತೆಗೆದು, ಮಳೆನೀರು ಒಂದು ಹನಿಯೂ ನಿಲ್ಲದಂತೆ ಇಡುತ್ತೇವೆ. ಟಾರ್ಪಾಲಿನ ಎರಡೂ ತುದಿಯಲ್ಲಿ ಗಾಳಿಯಾಡಲು ಜಾಗ ಬಿಟ್ಟಿರುತ್ತೇವೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಎಂಜಿನ್ ಬೋಲ್ಟುಗಳಲ್ಲಿ ಒಂದನ್ನು ಬಿಚ್ಚಿ, ತೂತಿನೊಳಗೆ ಒಣ ಬಟ್ಟೆಯ ಸುರುಳಿ ತೂರಿಸಿ ನೋಡಿ, ತೇವವಿಲ್ಲವೆಂದು ಖಚಿತಪಡಿಸಿಕೊಂಡು, ಹೊಸ ಸೀಲಂಟ್ ಹಾಕಿ ಮತ್ತೆ ಬಿಗಿಯುತ್ತೇವೆ.