ಹಗಲಿನ ಬಿಸಿಲು, ಸಂಜೆಯ ಸ್ಕೂಟರ್

ಮೈಸೂರಿನ ನಮ್ಮ ಮನೆಯ ತಾರಸಿಗೆ 3 ಕಿಲೋವ್ಯಾಟ್‌ನ ಸೌರಫಲಕಗಳನ್ನು ಹಾಕಿಸಿದ ಮೇಲೆ, ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ ‘ಹಾಗಾದರೆ ನಿಮ್ಮ ಸ್ಕೂಟರ್ ಬಿಸಿಲಿನಲ್ಲೇ ಓಡುತ್ತದೆಯೇ?’ ಎಂಬುದು. ಲೆಕ್ಕದಲ್ಲಿ ಓಡುತ್ತದೆ, ನಿಜದಲ್ಲಿ ಓಡುವುದಿಲ್ಲ ಎಂದರೆ ತಮಾಷೆ ಎಂದುಕೊಳ್ಳುತ್ತಾರೆ.

ಮೋಡವಿಲ್ಲದ ದಿನ ಒಂದು ಕಿಲೋವ್ಯಾಟ್ ಫಲಕದಿಂದ ಸುಮಾರು 4 ಯೂನಿಟ್ ವಿದ್ಯುತ್ ಬರುತ್ತದೆ. ನನ್ನ ಎಲೆಕ್ಟ್ರಿಕ್ ಸ್ಕೂಟರ್ ಒಂದು ಯೂನಿಟ್‌ಗೆ 30 ಕಿಲೋಮೀಟರ್ ಹೋಗುತ್ತದೆ. ಕಾಲೇಜಿಗೆ ಹೋಗಿಬಂದು, ದಾರಿಯಲ್ಲಿ ತರಕಾರಿ ಕೊಂಡು ತಂದರೂ ನನ್ನ ಓಡಾಟ ದಿನಕ್ಕೆ 25 ಕಿಲೋಮೀಟರ್ ದಾಟುವುದಿಲ್ಲವಾದ್ದರಿಂದ ಒಂದೇ ಫಲಕ ಸಾಕು. ತೊಡಕಿರುವುದು ಹೊತ್ತಿನಲ್ಲಿ. ತಾರಸಿಯ ಮೇಲೆ ಬಿಸಿಲು ಸುರಿಯುವಾಗ ಸ್ಕೂಟರ್ ಕಾಲೇಜಿನ ಸ್ಟ್ಯಾಂಡಿನಲ್ಲಿರುತ್ತದೆ, ಅದು ಮನೆಗೆ ಬಂದು ಪ್ಲಗ್ಗಿಗೆ ಸಿಗುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ.

ಹಗಲು ಲೈನಿಗೆ ಬಿಟ್ಟದ್ದೂ ರಾತ್ರಿ ಎಳೆದುಕೊಂಡದ್ದೂ ನೆಟ್ ಮೀಟರಿಂಗ್‌ನಿಂದಾಗಿ ತಿಂಗಳ ಬಿಲ್ಲಿನಲ್ಲಿ ಒಂದಕ್ಕೊಂದು ವಜಾ ಆಗುತ್ತವೆ. ಆದರೆ ಲೈನು ಗೋದಾಮಲ್ಲ. ಮಧ್ಯಾಹ್ನ ನಾವು ಕಳಿಸಿದ ವಿದ್ಯುತ್ ಆ ಕ್ಷಣವೇ ಪಕ್ಕದ ಮನೆಯ ಮಿಕ್ಸಿಯಲ್ಲಿ ಖರ್ಚಾಗಿರುತ್ತದೆ. ರಾತ್ರಿ ಸ್ಕೂಟರಿಗೆ ತುಂಬುವುದು ರಾಯಚೂರಿನ ಕಲ್ಲಿದ್ದಲೋ ಶರಾವತಿಯ ನೀರೋ ಕೊಟ್ಟದ್ದು. ಇನ್ನೊಂದು ಸಂಗತಿಯನ್ನು ಫಲಕ ಹಾಕಿದವರು ನಮಗೆ ಹೇಳಿರಲೇ ಇಲ್ಲ. ಒಂದು ಮಧ್ಯಾಹ್ನ ಎರಡು ಗಂಟೆಗೆ ಕರೆಂಟು ಹೋದಾಗ, ತಲೆ ಸುಡುವ ಬಿಸಿಲಿದ್ದರೂ ಫಲಕದ ವಿದ್ಯುತ್ತನ್ನು ಮನೆಗೂ ಲೈನಿಗೂ ಒಗ್ಗಿಸಿ ಕೊಡುವ ಇನ್ವರ್ಟರ್ ಕೆಂಪು ದೀಪ ತೋರಿಸಿ ಸುಮ್ಮನಾಯಿತು. ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆಯ ವಿದ್ಯುತ್ ಹೊಡೆಯಬಾರದೆಂದು ಅದು ಹಾಗೆ ಆರಿಕೊಳ್ಳುತ್ತದೆ ಎಂದು ಆಮೇಲೆ ತಿಳಿಯಿತು.

ಹಾಗಾದರೆ ಯುಪಿಎಸ್ ಬ್ಯಾಟರಿಯಲ್ಲಿ ಬಿಸಿಲನ್ನು ಕೂಡಿಡೋಣವೆಂದು ಅಂಗಡಿಗೆ ಹೋದೆ. 12 ವೋಲ್ಟ್, 150 ಆಂಪಿಯರ್-ಅವರ್ ಎಂದರೆ ಕಾಗದದ ಮೇಲೆ 1.8 ಯೂನಿಟ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಬಳಸಬಹುದಾದ ಅರ್ಧದಲ್ಲೂ ಇನ್ವರ್ಟರ್ ಒಂದಿಷ್ಟು, ಸ್ಕೂಟರಿನ ಚಾರ್ಜರ್ ಒಂದಿಷ್ಟು ತಿನ್ನುತ್ತವೆ. ಅಷ್ಟಕ್ಕೆ ಡಿಸ್ಟಿಲ್ಡ್ ವಾಟರ್ ಹಾಕುತ್ತ ಕೂರುವುದು ನನಗೆ ದಂಡವೆನ್ನಿಸಿತು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಬಾಳಿಕೆ ಬರುತ್ತದೆ, ಬೆಲೆ ಹೆಚ್ಚು. ನನಗೆ ಆಸೆಯಿರುವುದು ಸೋಡಿಯಂ ಅಯಾನ್ ಬ್ಯಾಟರಿಯ ಮೇಲೆ: ಅದಕ್ಕೆ ಲಿಥಿಯಂ ಬೇಡ, ತಾಮ್ರದ ಹಾಳೆಯ ಜಾಗದಲ್ಲಿ ಅಲ್ಯೂಮಿನಿಯಂ ಸಾಕು. ಅಷ್ಟೇ ವಿದ್ಯುತ್ತಿಗೆ ಅದು ಹೆಚ್ಚು ತೂಗುತ್ತದೆ, ನಿಜ. ಆದರೆ ಮೂಲೆಯಲ್ಲಿ ಕೂತಿರುವ ಬ್ಯಾಟರಿಯ ತೂಕ ಯಾರಿಗೇನು ಭಾರ?

ವಾಹನದ ಮೈಗೇ ಫಲಕ ಅಂಟಿಸುವ ಕನಸು ಹಳೆಯದು. ಬೆಂಗಳೂರಿನ ಚೇತನ್ ಮೈನಿ 1990ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸೌರಕಾರಿನ ತಂಡದಲ್ಲಿದ್ದರು. ಅವರೇ 2001ರಲ್ಲಿ ರೇವಾ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರು ತಂದಾಗ ಅದರಲ್ಲಿ ಫಲಕವಿರಲಿಲ್ಲ, ಮನೆಯ ಪ್ಲಗ್ಗಿನಿಂದ ತುಂಬುವ ಸೀಸದ ಬ್ಯಾಟರಿಯಿತ್ತು. ಪುಟ್ಟ ಕಾರಿನ ಮಾಡಿನ ಮೇಲೆ ಹಿಡಿಸುವ ಫಲಕ ಎಷ್ಟೆಂದು ನೋಡಿದರೆ ಕಾರಣ ತಿಳಿಯುತ್ತದೆ.

ನನ್ನ ತಾರಸಿಯ ತೊಂದರೆಯೇ 2,050 ಮೆಗಾವ್ಯಾಟ್‌ನ ಪಾವಗಡ ಸೌರ ಪಾರ್ಕಿಗೂ ಇದೆ. ಹಗಲಿನ ವಿದ್ಯುತ್ತಿನಿಂದ ಶರಾವತಿ ಕಣಿವೆಯ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಸಂಜೆ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಸರ್ಕಾರ ಮುಂದಿಟ್ಟಿರುವುದು ಇದಕ್ಕಾಗಿಯೇ. ಆದರೆ ಆ ಜಾಗ ಸಿಂಗಳೀಕಗಳ ಕಾಡು, ಅಲ್ಲಿಯ ಜನ ಯೋಜನೆಯನ್ನು ವಿರೋಧಿಸುತ್ತಿದ್ದಾರೆ. ಅಲ್ಲಿ ಮರ ಕಡಿಯುವ ಮೊದಲು, ಹಗಲೆಲ್ಲ ನಿಂತೇ ಇರುವ ಗಾಡಿಗಳನ್ನು ನಿಂತಲ್ಲೇ ಚಾರ್ಜ್ ಮಾಡುವ ಏರ್ಪಾಡು ಆಗಬೇಕೆಂಬುದು ನನ್ನ ವಾದ. ಸ್ಕೂಟರಿನ ಬ್ಯಾಟರಿಯೂ ಒಂದು ಕಣಜವೇ.

ನಮ್ಮ ಕಾಲೇಜಿನ ಮಾಡಿನ ಮೇಲೂ ಫಲಕಗಳಿವೆ. ಸ್ಟ್ಯಾಂಡಿನ ಗೋಡೆಗೆ ಎರಡು 15 ಆಂಪಿಯರ್ ಸಾಕೆಟ್ ಹಾಕಿಸಲು ಪ್ರಾಂಶುಪಾಲರು ಒಪ್ಪಿದ್ದಾರೆ. ಯಾರು ಎಷ್ಟು ಯೂನಿಟ್ ಎಳೆದರೆಂದು ಬರೆದಿಡಲು ಸಬ್ ಮೀಟರ್ ತರುವ ಕೆಲಸ ನನ್ನ ಪಾಲಿಗೆ ಬಂದಿದೆ.