ಹನ್ನೆರಡಾಣೆ ಬೀದರ್

ಹೋದ ಐತ್ವಾರ ಇಡೀ ದಿನ ಒಂದೇ ಒಂದು ಎ4 ಹಾಳಿ ಮುಂದ ಕುಂತು ಕಳದೆ. ಊಟ ತಣ್ಣಗಾಯ್ತು, ಮನ್ಯಾಗ ಬೈಸಿಕೊಂಡಿದ್ದೂ ಆಯ್ತು. ವಿಷಯ ಏನಪಾ ಅಂದ್ರ, ಬೀದರ್‌ದಾಗ ಸ್ಟಾಂಪ್ ಹುಚ್ಚಿರೋ ನಾವು ನಾಕೈದು ಮಂದಿ ಸೇರಿ, ಎಲ್ಲಾರೂ ಒಂದೊಂದು ಥೀಮ್ ಹಿಡಿದು ಒಂದೇ ಪೇಜಿನ್ಯಾಗ ತೋರಿಸಬೇಕು ಅಂತ ಪಂಥ ಹಾಕಿದ್ವಿ. ದೊಡ್ಡ ಎಗ್ಜಿಬಿಷನ್‌ದಾಗ ಸಾಮಾನ್ಯವಾಗಿ ಒಂದು ಫ್ರೇಮಿಗೆ 16 ಹಾಳಿ ಹಿಡಿತಾವ, ಒಂದ್ರಾಗ ತಪ್ಪಾದ್ರ ಇನ್ನೊಂದು ಕಾಪಾಡ್ತದ, ಇಲ್ಲಿ ಕಾಪಾಡೋರು ಯಾರೂ ಇಲ್ಲ.

ನಾ ಇಟ್ಟ ಹೆಸರು 'ನಮ್ಮ ಭಾಗ'. ಆಲ್ಬಮ್ ತೆಗೆದು ಕೈಗೆ ಸಿಕ್ಕಿದ್ದೆಲ್ಲಾ ಜೋಡ್ಸಿದೆ. ಬಸವಣ್ಣನವರ 1967ರ ಸ್ಟಾಂಪ್ (ಬಸವಕಲ್ಯಾಣ ನಮ್ಮ ಜಿಲ್ಲಾದಾಗೇ ಅದ ಅಲಾ), 1949ರ ಗೋಳಗುಮ್ಮಟದ ಆರಾಣೆ, ನಿಜಾಮನ ಕಾಲದ ನಾಕು ಸ್ಟಾಂಪು, ಮತ್ತ ಅಂಚಿಗೆ ಹೂವಿನ ಬಾರ್ಡರ್. ಗೋಳಗುಮ್ಮಟ ಬಿಜಾಪುರದ್ದು ಅಂತ ಗೊತ್ತದ, ಆದ್ರ ಚಂದ ಕಾಣ್ತದ ಅಂತ ಬಿಡ್ಲಾಕ ಮನಸ್ಸಾಗ್ಲಿಲ್ಲ.

ಸಂಜಿಮುಂದ ಓಣಿ ಕಾಕಾ ಬಂದ್ರು. ಅವರು ಸ್ಟಾಂಪ್ ಕೂಡ್ಸ್ಲಾಕ ಶುರು ಮಾಡಿದಾಗ ನಾ ಹುಟ್ಟಿರ್ಲೇ ಇಲ್ಲ. ಚಾ ಕುಡಕೋತ ಹಾಳಿ ನೋಡಿದ್ರು, "ತಮ್ಮಾ, ಇದ್ ಪೇಜೋ ಸಂತಿಯೋ?" ಅಂದ್ರು. ನನಗ ಸಿಟ್ಟು ಬಂತು ಖರೆ, ಆದ್ರ ಮುಂದಿನ ಮಾತಿಗೆ ಉತ್ತರ ಇರ್ಲಿಲ್ಲ: "ಇದರ ಬಾಜೂಕ ಇದು ಯಾಕ ಕುಂತದ, ಹೇಳು."

ನಾ ಬಾಯಿ ಮುಚ್ಚಿಕೊಂಡು ಹನ್ನೆರಡಾಣೆ ಸ್ಟಾಂಪ್ ಚಿಮಟಾದಾಗ ಎತ್ತಿ ತೋರಿಸಿದೆ. ಕೆಂಪು ಬಣ್ಣದ್ದು, ನಿಜಾಮ ಸಂಸ್ಥಾನದ 1931ರ ಸೆಟ್ಟಿನ್ಯಾಗಿಂದು, ಅದರಾಗ ನಮ್ಮ ಮಹಮೂದ್ ಗವಾನ್ ಮದರಸಾ ಅದ! 1472ರಾಗ ಕಟ್ಟಿಸಿದ್ದು, ಬಹಮನಿ ವಜೀರ ಗವಾನ್‌ನ ತಲಿ 1481ರಾಗ ಅವನ ಸುಲ್ತಾನನೇ ತೆಗೆಸಿದ. ಕೆಟಲಾಗ್‌ದಾಗ ಇದನ್ನ 'ಬೀದರ್ ಕಾಲೇಜ್' ಅಂತ ಬರದಾರ, ನನ್ನ ಮಗಳು ಅದನ್ನ ಓದಿ ಯಾವ ಕಾಲೇಜಪ್ಪಾ, ಪಿಯುಸಿ ಅದಾ ಅಂತ ಕೇಳಿದ್ಳು. ಚೌಬಾರಾದಿಂದ ಕೋಟಿಗೆ ಹೋಗೋ ದಾರ್ಯಾಗ ದಿನಾ ನೋಡೋ ಕಟ್ಟಡ ಬೆರಳಿನ ಉಗುರಿನಷ್ಟು ಕಾಗದದಾಗ ಕಂಡ್ರ ಏನೋ ಒಂಥರಾ ಆಗ್ತದ.

"ಇದೇ ಸೆಟ್ಟಿನ್ಯಾಗ ಮತ್ತೇನೇನು ಅವ?" ಅಂದ್ರು ಕಾಕಾ. ಒಂದಾಣೆ ಚಾರ್‌ಮಿನಾರ್, ಎಂಟಾಣೆ ಅಜಂತಾ, ಒಂದು ರೂಪಾಯಿಗೆ ದೌಲತಾಬಾದಿನ ಮಿನಾರ್. ಹೇಳ್ಕೋತ ಹೋದಂಗ ನನಗೇ ಹೊಳೀತು, ಆಗ ಎಲ್ಲಾ ಒಂದೇ ಸಂಸ್ಥಾನ, 1956ರಾಗ ರಾಜ್ಯ ಹಂಚಿದಾಗ ಚಾರ್‌ಮಿನಾರ್ ಆಂಧ್ರಕ್ಕ ಹೋಗಿ ಈಗ ತೆಲಂಗಾಣಾ ಆಗ್ಯದ, ಅಜಂತಾ ದೌಲತಾಬಾದ್ ಮುಂಬಯಿ ರಾಜ್ಯಕ್ಕ ಹೋಗಿ ಮಹಾರಾಷ್ಟ್ರ ಆದವು, ನಾವು ಮೈಸೂರಿಗೆ ಬಂದ್ವಿ. ನಾಕು ಸ್ಟಾಂಪಿನ್ಯಾಗ ಮೂರು ರಾಜ್ಯ. ಇಷ್ಟು ದಿನ ನನ್ನ ಹತ್ರಾನೇ ಬಿದ್ದಿದ್ವು, ನನಗ ಕಂಡಿರ್ಲೇ ಇಲ್ಲ ನೋಡ್ರಿ.

ಆಮ್ಯಾಲೆ ತೆಗೆಯೋ ಕೆಲಸ. ಗೋಳಗುಮ್ಮಟ ಹೋಯ್ತು, ಬಾರ್ಡರ್ ಹೋಯ್ತು. ಬಸವಣ್ಣನವರನ್ನ ತೆಗಿಲಾಕ ಕೈ ನಡುಗ್ತು, ಆದ್ರೂ ತೆಗೆದೆ. ಚಾರ್‌ಮಿನಾರ್ ಸಣ್ಣವಿದ್ದಾಗ ನಾನೇ ನೋಟ್‌ಬುಕ್ಕಿಗೆ ಗೋಂದು ಹಚ್ಚಿ ಅಂಟಿಸಿದ್ದು, ಉಗುರು ಬೆಚ್ಚಗಿನ ನೀರಾಗ ನೆನಿಯಿಟ್ಟೆ, ಅವಸರ ಮಾಡಿ ಎಳದೆ, ಹಿಂದಿನ ಕಾಗದ ಒಂದು ಕಡೆ ತೆಳ್ಳಗಾಯ್ತು. ಬೆಳಕಿಗೆ ಹಿಡದ್ರ ಕಾಣ್ತದ. ಇನ್ನೈದು ನಿಮಿಷ ಕಾಯ್ಬೇಕಾಗಿತ್ತು, ಇದಕ್ಕ ಮಾತ್ರ ನನ್ನ ಬಿಟ್ರ ಬ್ಯಾರೆ ಯಾರೂ ಕಾರಣ ಅಲ್ಲ. ಕರೇ ಮೌಂಟ್‌ದಾಗ (ಸ್ಟಾಂಪ್ ಹಾಳಿಗೆ ಕೂಡ್ಸೋ ಹಿಂದ ಕರೇ ಇರೋ ಪ್ಲಾಸ್ಟಿಕ್ ಚೀಲ) ಇಟ್ರ ಮುಂದಿಂದ ಗೊತ್ತಾಗಲ್ಲ, ಆದ್ರ ಕಾಕಾಗ ಗೊತ್ತಾಗ್ತದ.

ಬರವಣಿಗಿ ಹತ್ತು ಸಾಲು ಟೈಪ್ ಮಾಡಿದ್ದೆ, ಕಾಕಾ ಪೆನ್ಸಿಲ್ ಹಿಡಿದು ಮೂರಕ್ಕ ಇಳಿಸಿದ್ರು. ಗವಾನ್‌ನ ತಲಿ ಕಥಿ ಇರ್ಲಿ ಅಂತ ಜಗಳ ತೆಗೆದೆ, "ಅದು ಮದರಸಾದ ಪೇಜಿಗೆ ಬರ್ತದ, ಇದಕ್ಕಲ್ಲ" ಅಂದ್ರು, ಸುಮ್ನಾದೆ. ರಾತ್ರಿ ಒಂಬತ್ತಕ್ಕ ಹಾಳಿ ಮುಗೀತು: ಮ್ಯಾಲೆ 'ಒಂದು ಸೆಟ್ಟು, ಮೂರು ರಾಜ್ಯ' ಅಂತ ಹೆಸರು, ನಡುವ ಹನ್ನೆರಡಾಣೆ, ಸುತ್ತ ಉಳಿದ ಮೂರು, ಮತ್ತ ಬೇಕಾದಷ್ಟು ಖಾಲಿ ಜಾಗ.

ಬಸವಣ್ಣನವರು ಈಗ ಬ್ಯಾರೆ ಹಾಳಿ ಮ್ಯಾಲೆ ಒಬ್ಬರೇ ಕುಂತಾರ, ಬಾಜೂಕ ಯಾರನ್ನ ಇಡೋದು ತಿಳೀವಲ್ದು.