ಮಾವನ ಮಾತ್ರೆ ಡಬ್ಬಿ

ಸೋಮವಾರಪೇಟೆ
ಜುಲೈ 19, 2025, ಶನಿವಾರ

ಇವತ್ತೂ ಕರೆಂಟ್ ಇಲ್ಲ. ಇನ್ವರ್ಟರ್ ಕೈಕೊಡುವ ಮೊದಲು ಬರೆದು ಮುಗಿಸಬೇಕು.

ಬೆಳಿಗ್ಗೆ ಮಾವನ ತೂಕ 68.4 ಕೆಜಿ, ನಿನ್ನೆಯಷ್ಟೇ. ಹೃದಯ ಸೋತಿದೆ (ಹಾರ್ಟ್ ಫೇಲ್ಯೂರ್) ಅಂತ ಆಸ್ಪತ್ರೆ ಸೇರಿ ಬಂದ ಮೇಲೆ ಇದೊಂದು ನಿತ್ಯದ ಕೆಲಸ. ಎದ್ದು ಬಚ್ಚಲಿಗೆ ಹೋಗಿ ಬಂದ ಮೇಲೆ, ಕಾಫಿಗೆ ಮೊದಲು ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಈ ಚಳಿಯಲ್ಲಿ ಸ್ವೆಟರ್ ಬಿಚ್ಚಿ ಅಂದರೆ ಮುಖ ಗಂಟು ಹಾಕಿಕೊಳ್ಳುತ್ತಾರೆ. ಒಂದು ದಿನ ಸ್ವೆಟರ್, ಇನ್ನೊಂದು ದಿನ ಬರೀ ಬನಿಯನ್ ಆದರೆ ಲೆಕ್ಕ ಎಲ್ಲಿ ಸಿಗುತ್ತದೆ? ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅದು ಊಟದಿಂದ ಬಂದ ತೂಕವಲ್ಲ, ಮೈಯಲ್ಲಿ ನಿಂತ ನೀರು. ಹಾಗಾದ ಕೂಡಲೇ ಫೋನ್ ಮಾಡಿ ಅಂದಿದ್ದಾರೆ ಡಾಕ್ಟರು.

ಮೊದಲು ಇದನ್ನೆಲ್ಲ ಮನೆಯವರು ಮಳೆಗಾಲದ ತಲೆಗೇ ಕಟ್ಟಿದ್ದರು. ರಾತ್ರಿ ಮಲಗಿದರೆ ಕೆಮ್ಮು. ಎರಡು ದಿಂಬು ಮೂರಾಯಿತು. ತೋಟದಿಂದ ಮನೆಗೆ ಏರು ಹತ್ತುವಾಗ ಅರ್ಧದಲ್ಲೇ ಸಿಲ್ವರ್ ಮರಕ್ಕೆ ಒರಗಿ ನಿಲ್ಲುತ್ತಿದ್ದರು. ಕೊನೆಗೆ ಗಂಬೂಟು ಕಾಲಿಗೆ ಹತ್ತಲಿಲ್ಲ. ಮೊಣಕಾಲ ಕೆಳಗೆ ಹೆಬ್ಬೆರಳಿಂದ ಒತ್ತಿದರೆ ಕುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಆವತ್ತೇ ಹೊರಟೆವು.

ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ಇಜೆಕ್ಷನ್ ಫ್ರಾಕ್ಷನ್ (ಒಂದು ಬಡಿತಕ್ಕೆ ಹೃದಯ ಹೊರಗೆ ತಳ್ಳುವ ರಕ್ತದ ಪಾಲು) ಶೇಕಡಾ 35 ಅಂತ ಬಂತು. "ಹಾಗಾದ್ರೆ 65 ಭಾಗ ಹೋಯ್ತಾ?" ಅಂತ ನಮ್ಮೆಜಮಾನರು ಹೆದರಿದರು. ಹಾಗಲ್ಲ. ಗಟ್ಟಿಮುಟ್ಟಾದ ಹೃದಯವೂ ಒಂದು ಬಡಿತಕ್ಕೆ ಒಳಗಿರುವ ರಕ್ತವನ್ನೆಲ್ಲ ತಳ್ಳುವುದಿಲ್ಲ. ಶೇಕಡಾ 55ರಿಂದ 70ರಷ್ಟು, ಅಷ್ಟೇ. 40 ಅಥವಾ ಅದಕ್ಕೂ ಕಡಿಮೆ ಇದ್ದರೆ ತಳ್ಳುವ ಶಕ್ತಿ ಕುಂದಿದೆ ಎಂದರ್ಥ. ಕೆಲವರಿಗೆ 50ರ ಮೇಲಿದ್ದರೂ ಹೃದಯ ಗಡುಸಾಗಿ ಸರಿಯಾಗಿ ರಕ್ತ ತುಂಬಿಕೊಳ್ಳುವುದಿಲ್ಲ. ಅವರಿಗೂ ಇದೇ ದಮ್ಮು, ಇದೇ ಬಾವು. ಮಾವನಿಗೆ ಹಳೆಯ ಹಾರ್ಟ್ ಅಟ್ಯಾಕ್ ಜೊತೆಗೆ ಬಿಪಿಯೂ ಇತ್ತು.

ಇವತ್ತಿನ ಜಗಳ ಮಾತ್ರೆಯದ್ದು. ಡಬ್ಬಿ ತೆಗೆದು ನೋಡಿದರೆ ಗುರುವಾರದ ಖಾನೆಯಲ್ಲಿ ಕೆಲವು ಹಾಗೇ ಇವೆ.

"ನೀರಿನ ಮಾತ್ರೆ ತಗೊಂಡಿದೀನಲ್ಲಮ್ಮ. ಅದು ಕೆಲಸ ಮಾಡೋದು ಗೊತ್ತಾಗ್ತದೆ. ಉಳಿದವು ಸುಮ್ನೆ ದುಡ್ಡು ದಂಡ."

ಅವರಿಗೆ ಹಾಗನ್ನಿಸುವುದು ಸಹಜವೇ. ಆ ನೀರಿನ ಮಾತ್ರೆ, ಫ್ಯುರೊಸೆಮೈಡ್, ನುಂಗಿದ ಒಂದು ಗಂಟೆಯೊಳಗೆ ಬಚ್ಚಲಿಗೆ ಓಡಿಸುತ್ತದೆ, ಕಾಲಿನ ಬಾವು ಇಳಿಯುತ್ತದೆ, ಉಸಿರು ಸಲೀಸಾಗುತ್ತದೆ. ಆದರೆ ಅದು ತುಂಬಿದ ನೀರನ್ನು ಹೊರಗೆ ಹಾಕುತ್ತದೆ, ನೀರು ತುಂಬಿಸಿದ ಕಾರಣವನ್ನು ಮುಟ್ಟುವುದಿಲ್ಲ. ರಕ್ತದ ಹರಿವು ಕಡಿಮೆಯಾದಾಗ ಕಿಡ್ನಿ ಮೈಯಲ್ಲಿ ನೀರೇ ಇಲ್ಲವೇನೋ ಎಂಬಂತೆ ಉಪ್ಪು, ನೀರು ಎರಡನ್ನೂ ಹಿಡಿದಿಡುತ್ತದೆ. ರಕ್ತನಾಳ ಬಿಗಿಯುತ್ತವೆ, ಬಡಿತ ಏರುತ್ತದೆ. ಸುಸ್ತಾದ ಎತ್ತಿಗೆ ಏರಿನಲ್ಲಿ ಚಾಟಿ ಬೀಸಿದ ಹಾಗೆ. ಮಾವ ಬಿಟ್ಟದ್ದು ಆ ಚಾಟಿ ಕಿತ್ತುಕೊಳ್ಳುವ ಮಾತ್ರೆಗಳನ್ನೇ! ರಕ್ತನಾಳದ ಬಿಗಿ ಸಡಿಲಿಸುವ ಸ್ಯಾಕುಬಿಟ್ರಿಲ್-ವಾಲ್ಸಾರ್ಟಾನ್, ಬಡಿತ ಇಳಿಸುವ ಬೀಟಾ ಬ್ಲಾಕರ್, ಉಪ್ಪು-ನೀರು ಹಿಡಿದಿಡುವುದನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್, ಇವು ತಿಂದ ದಿನ ಏನೂ ಗೊತ್ತಾಗುವುದಿಲ್ಲ. ಆಯಸ್ಸು ಹೆಚ್ಚಿಸುವುದು ಮಾತ್ರ ಇವೇ. ಬೀಟಾ ಬ್ಲಾಕರನ್ನಂತೂ ತಟ್ಟನೆ ನಿಲ್ಲಿಸುವ ಹಾಗೇ ಇಲ್ಲ.

ನಾಲ್ಕನೆಯದು ಡಪಾಗ್ಲಿಫ್ಲೋಜಿನ್. ಮೆಡಿಕಲ್ ಶಾಪಿನವರೇ "ಶುಗರ್ ಮಾತ್ರೆ" ಅಂದುಬಿಟ್ಟಿದ್ದರು. "ನನಗೆ ಶುಗರೇ ಇಲ್ಲ, ಬೇರೆಯವರದ್ದು ಕೊಟ್ಟಿದ್ದಾರೆ" ಅಂತ ಮಾವ. ಹುಟ್ಟಿದ್ದು ಶುಗರಿಗೇ, ನಿಜ. ಆದರೆ ಶುಗರ್ ಇಲ್ಲದವರ ಸೋತ ಹೃದಯಕ್ಕೂ ಇದರಿಂದ ಪ್ರಯೋಜನ ಇದೆ ಅಂತ 2019ರ ಒಂದು ದೊಡ್ಡ ಅಧ್ಯಯನದಲ್ಲಿ ಗೊತ್ತಾಯಿತು. ಬಿಡುಗಡೆ ಮಾಡುವಾಗ ಯಾರಾದರೂ ಐದು ನಿಮಿಷ ಕೂತು ಯಾವ ಮಾತ್ರೆ ಯಾಕೆ ಅಂತ ಹೇಳಿದ್ದರೆ ಈ ಜಗಳವೇ ಇರುತ್ತಿರಲಿಲ್ಲ ಅಲ್ವಾ? ಚೀಟಿ ಕೈಗಿಟ್ಟರು, ಮುಗಿಯಿತು.

ಉಪ್ಪಿನದ್ದು ಬೇರೆಯೇ ಕಥೆ. ಮಳೆಗಾಲಕ್ಕೆಂದು ನಮ್ಮಲ್ಲಿ ಕೂಡಿಡುವುದೆಲ್ಲ ಉಪ್ಪಿನಲ್ಲೇ. ಒಣಮೀನು, ಉಪ್ಪುನೀರಿನ ಮಾವಿನಕಾಯಿ, ಹಲಸಿನ ತೊಳೆ, ಉಪ್ಪಿನಕಾಯಿ. ಇಡೀ ದಿನಕ್ಕೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಅಂದರೆ, ಗಂಜಿಗೆ ಒಂದು ತುಂಡು ಒಣಮೀನು ನೆಂಚಿಕೊಂಡರೆ ಅದರಲ್ಲೇ ಎಷ್ಟೋ ಹೋಯಿತು. ಅತ್ತೆಯ ತಂಗಿ ಪಾಪ, ಪ್ರೀತಿಯಿಂದ "ಲೋ ಸೋಡಿಯಂ" ಉಪ್ಪಿನ ಪ್ಯಾಕೆಟ್ ತಂದಿದ್ದರು. ಎತ್ತಿಟ್ಟೆ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್ ತಗೊಳ್ಳುವವರಿಗೆ ಪೊಟ್ಯಾಸಿಯಂ ಮೊದಲೇ ಏರುವ ಭಯ. ಜಾಸ್ತಿಯಾದರೆ ಎದೆಬಡಿತವೇ ತಪ್ಪಬಹುದು. ಮಂಡಿನೋವಿನ ಡೈಕ್ಲೊಫೆನಾಕ್ ಕೂಡ ಬಂದ್. ಅದರಿಂದ ಮೈಯಲ್ಲಿ ನೀರು ನಿಲ್ಲುತ್ತದೆ, ಕಿಡ್ನಿಗೂ ಪೆಟ್ಟು.

ಸೋಮವಾರ ಪೊಟ್ಯಾಸಿಯಂ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವುದು) ಪರೀಕ್ಷೆಗೆ ರಕ್ತ ಕೊಡಬೇಕು. ಡಾಕ್ಟರ ಹತ್ತಿರ ಕೇಳಬೇಕಾದ್ದು: ಬೀಟಾ ಬ್ಲಾಕರ್ ಡೋಸ್ ಏರಿಸುತ್ತಾರಾ, ಮಂಡಿಗೆ ಏನು ಹಚ್ಚಬಹುದು, ಫ್ಲೂ ಇಂಜೆಕ್ಷನ್ ಯಾವಾಗ. ಮಾವನದ್ದೂ ಒಂದು ಪ್ರಶ್ನೆ ಇದೆ: ಆಟಿ ತಿಂಗಳ ಹದಿನೆಂಟನೇ ದಿನ ನಮ್ಮಲ್ಲಿ ಮಾಡುವ ಮದ್ದುಸೊಪ್ಪಿನ ಪಾಯಸ ಕುಡಿಯಬಹುದಾ? ಕುಡಿದರೆ ಮೂತ್ರ ಕೆಂಪಾಗುತ್ತದಲ್ಲ, ನೀರಿನ ಮಾತ್ರೆ ಜೊತೆ ಏನಾದರೂ ಎಡವಟ್ಟಾದರೆ ಅಂತ ಅವರಿಗೇ ಅನುಮಾನ.